ಆಯಿಗೆ ವಾಂತಿ ಬಾರದ ಕಾರು

ನಮ್ಮ ಮನೆಗೆ ಅಮೆರಿಕದ ಕಾರು ಬಂದದ್ದು ಆಯಿಯ, ಎಂದರೆ ನನ್ನ ಅಮ್ಮನ, ಹೊಟ್ಟೆಯ ಕಾರಣಕ್ಕೆ. ಶಿರಸಿ ಪೇಟೆಯ ಜನ ಬೇರೆ ಕಾರಣಗಳನ್ನು ಹೇಳುತ್ತಿದ್ದರು. ಅಪ್ಪನಿಗೆ ಗತ್ತು ಬಂದಿದೆ ಎಂದವರಿದ್ದರು, ಲಗ್ನಪತ್ರಿಕೆ ಅಚ್ಚು ಹಾಕಿಯೇ ಇಷ್ಟು ಗಳಿಸಿದನೇ ಎಂದು ಹುಬ್ಬೇರಿಸಿದವರಿದ್ದರು. ಅವರಲ್ಲಿ ಯಾರಿಗೂ ಆಯಿಯನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಗೊತ್ತಿರಲಿಲ್ಲ. ನಮ್ಮ ಮನೆಯ ಮುಂದಿನ ಕೋಣೆಯೇ ಅಪ್ಪನ ಪ್ರೆಸ್ಸು. ಅದರ ಹಿಂದೆ ಮಲಗುವ ಕೋಣೆ, ಅದರ ಹಿಂದೆ ಅಡುಗೆಮನೆ. ಶಾಲೆಯಿಂದ ಬಂದವಳು ಅಚ್ಚಿನ ಯಂತ್ರವನ್ನು ಸುತ್ತುಬಳಸಿ, ಒಣಗಲು ಹರವಿದ ಯಾರದೋ ಮದುವೆಯ ಕಾಗದಗಳನ್ನು ತುಳಿಯದಂತೆ ಕಾಲೆತ್ತಿ ಇಡುತ್ತ ಒಳಗೆ ಹೋಗಬೇಕಿತ್ತು. ಮಸಿ, ಸೀಮೆಎಣ್ಣೆ, ಅಂಟು, ಎಲ್ಲದರ ಮೇಲೆ ಇಂಗಿನ ಒಗ್ಗರಣೆ. ಇಷ್ಟು ವಾಸನೆಗಳ ನಡುವೆ ಆಯಿ ಹಾಯಾಗಿದ್ದಳು. ಬಸ್ಸಿನ ಡೀಸೆಲ್ ವಾಸನೆ ಮೂಗಿಗೆ ಬಡಿದರೆ ಮಾತ್ರ ಮುಗಿಯಿತು. ಬಸ್ಸು ಇನ್ನೂ ಸ್ಟ್ಯಾಂಡಿನಲ್ಲಿ ನಿಂತಿರುವಾಗಲೇ ಅವಳ ಮುಖ ಬಾಡುತ್ತಿತ್ತು. ಸೋಂದಾ ಕ್ರಾಸ್ ದಾಟುವಷ್ಟರಲ್ಲಿ ಕಿಟಕಿಗೆ ಒರಗಿದ ತಲೆಯನ್ನು ಯಲ್ಲಾಪುರದ ತನಕ ಎತ್ತುತ್ತಿರಲಿಲ್ಲ. ನಿಂಬೆಹಣ್ಣು ಮೂಸಿದ್ದಾಯಿತು, ಶುಂಠಿ ಅಗಿದದ್ದಾಯಿತು, ಉಪವಾಸ ಹೊರಟದ್ದೂ ಆಯಿತು. ಒಮ್ಮೆ ಮಂಚಿಕೇರಿಯ ಹತ್ತಿರ ಅವಳಿಗೆ ಕಣ್ಣುಕತ್ತಲೆ ಬಂದು, ಕಂಡಕ್ಟರು ಗಾಬರಿಯಾಗಿ ನಮ್ಮಿಬ್ಬರನ್ನೂ ಒಂದು ಚಹದಂಗಡಿಯ ಬೆಂಚಿನ ಮೇಲೆ ಇಳಿಸಿಹೋದ. ಯಲ್ಲಾಪುರ ಅವಳ ತವರು. ಅಲ್ಲಿ ಮಾವನ ಮನೆಯಲ್ಲಿ ಅವಳ ಅಮ್ಮ, ನನ್ನ ಅಮ್ಮಮ್ಮ, ಇದ್ದಳು. ಹಾಗಾಗಿ ಹೋಗದೆ ಇರುವಂತಿರಲಿಲ್ಲ, ಹೋಗುವಂತೆಯೂ ಇರಲಿಲ್ಲ. ಮಂಚಿಕೇರಿಯ ಸುದ್ದಿ ಕೇಳಿದ ದಿನ ಅಪ್ಪ ಊಟದ ತಟ್ಟೆಯ ಮುಂದೆ ಕೂತು ಪ್ರತಿಜ್ಞೆ ಮಾಡಿಬಿಟ್ಟ.

"ನಿನ್ನ ಇನ್ನು ಬಸ್ಸು ಹತ್ತಿಸ್ತ್ನಿಲ್ಲೆ. ತವರಿಗೆ ಕಾರಲ್ಲೇ ಹೋಪದು ನೀನು."

"ಕಾರೆಂತ ನೀರು ಕುಡ್ಕಂಡು ಓಡ್ತಾ? ಅದ್ರಲ್ಲೂ ವಾಸನೆ ಇರ್ತು," ಎಂದಳು ಆಯಿ.

ಆಯಿಯ ಮಾತು ಸುಳ್ಳಾಗಿರಲಿಲ್ಲ. ಅಪ್ಪ ಪರಿಚಯದವರ ಕಾರುಗಳಲ್ಲೆಲ್ಲ ಅವಳನ್ನು ಕೂರಿಸಿ ಊರು ಸುತ್ತಿಸಿದ. ಬ್ಯಾಂಕಿನವರ ಸಣ್ಣ ಕಾರಿನಲ್ಲಿ ವಾಂತಿ, ಡಾಕ್ಟರ ಕಾರಿನಲ್ಲಿ ವಾಂತಿ, ಬಾಡಿಗೆಯ ಹಳೆಯ ಕಾರಿನಲ್ಲಿ ಹತ್ತುವ ಮೊದಲೇ ವಾಂತಿ. ಕೊನೆಗೆ ಸಿದ್ದಾಪುರದ ಕಡೆಯ ಹೇರೂರಿನಿಂದ ನಮ್ಮ ನೆಂಟರಾದ ಹೆಗಡೆ ಮಾವ ಮಗನ ಉಪನಯನದ ಕಾಗದ ಅಚ್ಚು ಹಾಕಿಸಲು ಬಂದರು. ಅವರು ಹೊಸದಾಗಿ ಕೊಂಡ ಉದ್ದ ಮೂತಿಯ ಬಿಳಿ ಕಾರು ಅಮೆರಿಕದ ಕಂಪನಿಯದು. ಅದರಲ್ಲಿ ಆಯಿಯನ್ನು ಬನವಾಸಿಗೆ ಕರೆದುಕೊಂಡು ಹೋದೆವು. ಆಯಿ ಹಿಂದಿನ ಸೀಟಿನಲ್ಲಿ ಸೆರಗನ್ನು ಬಾಯಿಗೆ ಒತ್ತಿ ಹಿಡಿದು ಕೂತವಳು, ಅರ್ಧ ದಾರಿಯಲ್ಲಿ ಸೆರಗು ಬಿಟ್ಟಳು. ಬನವಾಸಿಯಲ್ಲಿ ಇಳಿದು ದೇವಸ್ಥಾನಕ್ಕೆ ಸುತ್ತು ಬಂದಳು. ಅನಾನಸು ಕೊಯ್ಸಿಕೊಂಡು ಉಪ್ಪು ಖಾರ ಹಾಕಿ ತಿಂದಳು. ತಿರುಗಿ ಬರುವಾಗ ನಿದ್ದೆ ಮಾಡಿದಳು. ಪ್ರಯಾಣದಲ್ಲಿ ಆಯಿ ನಿದ್ದೆ ಮಾಡಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಅಪ್ಪ ಮುಂದಿನ ಸೀಟಿನಿಂದ ಮತ್ತೆ ಮತ್ತೆ ಹಿಂತಿರುಗಿ ಅವಳನ್ನು ನೋಡುತ್ತಿದ್ದ. ಅಂಥದೇ ಕಾರು ನಮಗೂ ಬರುವುದೆಂದು ಅವತ್ತೇ ತೀರ್ಮಾನವಾಯಿತು.

ಕಾರಿನ ಜೊತೆ ಒಂದು ದಪ್ಪ ಇಂಗ್ಲಿಷ್ ಪುಸ್ತಕ ಬಂತು. ಅದರ ಮೊದಲ ಪುಟಗಳಲ್ಲಿ ಕಂಪನಿಯ ಇತಿಹಾಸವಿತ್ತು. ಅಪ್ಪ ಅದನ್ನು ಸಂಜೆ ಜಗಲಿಯಲ್ಲಿ ಕೂತು ಕನ್ನಡದಲ್ಲಿ ಹೇಳುತ್ತಿದ್ದ, ತಾಳಮದ್ದಳೆಯಲ್ಲಿ ಅರ್ಥ ಹೇಳಿದ ಹಾಗೆ, ಒಂದಕ್ಕೆ ಎರಡು ಸೇರಿಸಿ. ಅಮೆರಿಕದ ಯಾವುದೋ ಹಳ್ಳಿಯ ಕುಲುಮೆಯಲ್ಲಿ ಹುಟ್ಟಿದ ಕಂಪನಿ, ಮೊದಲು ಗಾಡಿಯ ಚಕ್ರ ಮಾಡುತ್ತಿತ್ತು, ಆಮೇಲೆ ಯುದ್ಧಕ್ಕೆ ಲಾರಿ ಮಾಡಿತು, ಆಮೇಲೆ ಸಾಮಾನ್ಯ ಜನರಿಗೆ ಕಾರು ಮಾಡಿತು. ಅಪ್ಪನಿಗೆ ಆ ಲಾರಿಯ ಭಾಗ ಬಹಳ ಮೆಚ್ಚು. ಅವನ ಬಾಲ್ಯದಲ್ಲಿ ಯಲ್ಲಾಪುರದ ಕಡೆಯಿಂದ ಮರದ ನಾಟಾ ಹೊತ್ತು ಬರುತ್ತಿದ್ದ ಒಂದು ಹಳೆಯ ಲಾರಿ ಅದೇ ಕಂಪನಿಯದಂತೆ. ಬಾಗಿಲಿಲ್ಲ, ದೀಪವಿಲ್ಲ, ಆದರೆ ಒಂದು ದಿನವೂ ನಿಂತದ್ದಿಲ್ಲ. ಆ ಲಾರಿಯ ಮೇಲಿನ ನಂಬಿಕೆಯನ್ನೇ ಅಪ್ಪ ಈ ಕಾರಿನ ಮೇಲೆ ಇಟ್ಟ. ಹೆಸರು ಒಂದೇ ಆದರೆ ಗುಣವೂ ಒಂದೇ ಎಂದುಕೊಳ್ಳುವುದು ನಮ್ಮವರ ಹಳೆಯ ಚಾಳಿ. ಅಜ್ಜ ಯಕ್ಷಗಾನದ ದೊಡ್ಡ ಭಾಗವತನಾಗಿದ್ದರೆ ಮೊಮ್ಮಗನ ಕೈಗೂ ಜಾಗಟೆ ಕೊಟ್ಟುಬಿಡುತ್ತೇವೆ.

ಮೊದಲ ಕೆಲವು ತಿಂಗಳು ಕಾರು ಒಳ್ಳೆಯ ಸೊಸೆಯಂತೆ ನಡೆದುಕೊಂಡಿತು. ಆಯಿ ನಾಲ್ಕಾರು ಸಲ ಯಲ್ಲಾಪುರಕ್ಕೆ ಹೋಗಿ ಬಂದಳು. ಅಲ್ಲಿಗೆ ಹೋದಾಗೆಲ್ಲ ಅಮ್ಮಮ್ಮ ಮಗಳನ್ನು ಬಿಟ್ಟು ಕಾರನ್ನೇ ಹೆಚ್ಚು ನೋಡುತ್ತಾಳೆ ಎಂದು ಆಯಿ ನಗುತ್ತಿದ್ದಳು. ಆಮೇಲೆ ಎಂಜಿನ್ ಕಾಯತೊಡಗಿತು. ಸ್ಟಿಯರಿಂಗಿನ ಹಿಂದೆ ಇರುವ, ಕಾವು ತೋರಿಸುವ ಸಣ್ಣ ಮುಳ್ಳು ಕೆಂಪು ಗೀಟಿನತ್ತ ಹೊರಟಿತೆಂದರೆ ಅಪ್ಪನ ಮಾತು ನಿಲ್ಲುತ್ತಿತ್ತು. ಮುಂದಿನ ಮುಚ್ಚಳದ ಸಂದಿಯಿಂದ ಹಬೆ ಏಳುತ್ತಿತ್ತು. ಗಾಳಿ ಬೀಸಬೇಕಾದ ಫ್ಯಾನು ಮನಸ್ಸು ಬಂದರೆ ತಿರುಗುವುದು, ಇಲ್ಲದಿದ್ದರೆ ಇಲ್ಲ. ಶಿರಸಿಯ ಗ್ಯಾರೇಜಿನವರು ಮುಚ್ಚಳ ಎತ್ತಿ ನೋಡಿ, ಇದಕ್ಕೆ ಹುಬ್ಬಳ್ಳಿಗೇ ಹೋಗಬೇಕು ಎಂದು ಮುಚ್ಚುತ್ತಿದ್ದರು. ಹುಬ್ಬಳ್ಳಿಯಲ್ಲಿ ಮಾಡಿಸಿಕೊಂಡು ಬಂದರೆ ಒಂದಷ್ಟು ದಿನ ಸರಿಯಿದ್ದು ಮತ್ತೆ ಅದೇ ಕತೆ. ನಮ್ಮದೊಂದೇ ಅಲ್ಲ. ಹೆಗಡೆ ಮಾವನ ಕಾರೂ ಹಾಗೆಯೇ. ಬನವಾಸಿಯ ಶುಂಠಿ ವ್ಯಾಪಾರಿ ವೀರಭದ್ರಪ್ಪನವರು ನಮ್ಮ ಕಾರನ್ನು ನೋಡಿ ಮೆಚ್ಚಿ ಅದನ್ನೇ ಕೊಂಡಿದ್ದರು, ಅವರದೂ ಹಾಗೆಯೇ. ಭಾನುವಾರ ಮೂವರೂ ನಮ್ಮ ಪ್ರೆಸ್ಸಿನ ಕೋಣೆಯಲ್ಲಿ ಸೇರುತ್ತಿದ್ದರು. ಆಯಿ ಅವಲಕ್ಕಿ ಕಲಸಿ, ಚಹಾ ಮಾಡಿ ಕೊಡುತ್ತಿದ್ದಳು. ಮಕ್ಕಳ ಕಾಯಿಲೆಯ ಬಗ್ಗೆ ತಾಯಂದಿರು ಮಾತಾಡುವ ಹಾಗೆ ಈ ಗಂಡಸರು ಮಾತಾಡುತ್ತಿದ್ದರು.

"ಎಮ್ಮನೆ ಗಾಡಿ ಬೆಳಿಗ್ಗೆ ಶುರುವೇ ಆಗ್ತಿಲ್ಲೆ ಮಾರಾಯ," ಎನ್ನುತ್ತಿದ್ದರು ಹೆಗಡೆ ಮಾವ.

"ನೀವು ಪುಣ್ಯವಂತರು ಬಿಡ್ರಿ. ಮನ್ಯಾಗ ಕುಂದರ್ತೈತಿ. ನಮ್ದು ಶುರು ಆಗಿ, ನಮ್ಮನ್ನ ದೂರ ಕರ್ಕೊಂಡು ಹೋಗಿ ಕೈ ಕೊಡ್ತೈತ್ರಿ," ಎನ್ನುತ್ತಿದ್ದರು ವೀರಭದ್ರಪ್ಪನವರು.

ಅಪ್ಪ ಮಾತ್ರ ಕಾರಿನ ಮೇಲೆ ಪೂರ್ತಿ ಸಿಟ್ಟಾಗುತ್ತಿರಲಿಲ್ಲ. ಎಲ್ಲ ದೂರು ಹೇಳಿ ಮುಗಿದ ಮೇಲೆ, "ಆದ್ರೂ ಇದ್ರಲ್ಲಿ ನಮ್ಮನೇದಕ್ಕೆ ವಾಂತಿ ಬತ್ತಿಲ್ಲೆ ನೋಡು," ಎಂದು ಸೇರಿಸುತ್ತಿದ್ದ. ಆ ಮಾತಿಗೆ ಉಳಿದಿಬ್ಬರೂ ಗಂಭೀರವಾಗಿ ತಲೆಯಾಡಿಸುತ್ತಿದ್ದರು. ನನಗೆ ನಗು ಬರುತ್ತಿತ್ತು. ಈಗ ನೆನೆದರೆ ನಗುವಿನ ಜೊತೆ ಇನ್ನೇನೋ ಬರುತ್ತದೆ. ಹೆಂಡತಿಯ ಹೊಟ್ಟೆ ತೊಳಸುವುದನ್ನು ಇಷ್ಟು ಮನಸ್ಸಿಗೆ ಹಚ್ಚಿಕೊಂಡ ಗಂಡಸನ್ನು ನಾನು ಆಮೇಲೆ ಹೆಚ್ಚು ಕಂಡಿಲ್ಲ.

ಆಗ ಯಲ್ಲಾಪುರದಿಂದ ಮಾವನ ಫೋನು ಬಂತು. ಅಮ್ಮಮ್ಮನಿಗೆ ಮರೆವು ಶುರುವಾಗಿದೆ ಎಂಬುದು ನಮಗೆ ತಿಳಿದಿತ್ತು. ಒಲೆಯ ಮೇಲೆ ಹಾಲಿಟ್ಟು ಮರೆಯುವುದು, ಮಧ್ಯಾಹ್ನವನ್ನು ಬೆಳಗು ಎನ್ನುವುದು, ಅಷ್ಟೇ ಎಂದುಕೊಂಡಿದ್ದೆವು. ಮಾವ ಹೇಳಿದ್ದು ಬೇರೆ. ಆಯಿಯ ತಂಗಿ ನೋಡಲು ಬಂದಿದ್ದಾಗ ಅಮ್ಮಮ್ಮ ಅವಳ ಗುರುತೇ ಹಿಡಿಯಲಿಲ್ಲವಂತೆ.

"ನಿನ್ನ ಹೆಸರು ಇನ್ನೂ ಹೇಳ್ತಾ ಇದ್ದು ಅಕ್ಕ. ಸಾವಿತ್ರಿ ಬಂಜಿಲ್ಯ ಹೇಳಿ ದಿನಾ ಕೇಳ್ತು. ಅದೂ ಹೋಪದ್ರೊಳಗೆ ಒಂದ್ಸಲ ಬಂದು ಹೋಗು."

ಆಯಿ ರಿಸೀವರ್ ಇಟ್ಟವಳು ಒಳಗೆ ಹೋಗಿ ತೊಡದೇವು ಮಾಡಲು ಕೂತಳು. ಮಡಕೆಯ ಬೆನ್ನ ಮೇಲೆ ಕಬ್ಬಿನ ಹಾಲಿನ ಹಿಟ್ಟನ್ನು ತೆಳ್ಳಗೆ ಸವರಿ ತೆಗೆಯುವ ಆ ತಿಂಡಿ ಅಮ್ಮಮ್ಮನಿಗೆ ಪ್ರಾಣ. ಡಬ್ಬಿ ತುಂಬಿಕೊಂಡು ನಾವು ಹೊರಟೆವು. ಸ್ವರ್ಣವಲ್ಲಿಯ ತಿರುವಿನಲ್ಲಿ ಮುಳ್ಳು ಕೆಂಪಿಗೆ ಬಂತು. ನೀರು ಹೊಯ್ದು, ಕಾದು, ಅಂಜುತ್ತ ಮನೆಗೆ ಮರಳಿದೆವು. ಕಾರು ಹುಬ್ಬಳ್ಳಿಗೆ ಹೋಗಿ ಬಂತು. ಎರಡನೆಯ ಸಲ ಬೇಡ್ತಿ ಸೇತುವೆಯ ಹತ್ತಿರ ನಿಂತಿತು. ಇಷ್ಟು ಹತ್ತಿರ ಬಂದು ತಿರುಗಿ ಹೋಗುವುದೇ ಎಂದು ಆಯಿ ಸೇತುವೆಯ ಕಟ್ಟೆ ಹಿಡಿದು ಯಲ್ಲಾಪುರದ ಕಡೆಗೇ ನೋಡುತ್ತ ನಿಂತಳು. ಅಲ್ಲಿಂದ ಯಾವುದಾದರೂ ಬಸ್ಸಿಗೆ ಕೈ ಅಡ್ಡ ಹಿಡಿಯಬಹುದಿತ್ತು. ಆಯಿ ಹಾಗೆಂದಳು ಕೂಡ. ಅಪ್ಪನ ಮುಖ ಸಣ್ಣದಾಯಿತು.

"ಹಂಗಾರೆ ಆನು ಕಾರು ತಂದಿದ್ದು ಎಂತಕ್ಕೆ?"

ಆಯಿ ರಸ್ತೆಗೆ ಬೆನ್ನು ಹಾಕಿ ಬಂದು ಕಾರಿನಲ್ಲಿ ಕೂತಳು. ಗಂಡ ಹೊಡೆದು ಬಡಿದು ತಡೆದರೆ ಹೆಂಗಸು ಎದುರು ನಿಲ್ಲಬಹುದು, ಪ್ರೀತಿಯಿಂದ ತಡೆದರೆ ಎಂತ ಮಾಡುವುದು? ಮೂರನೆಯ ಸಲ ಕಾರು ಅಂಗಳ ಬಿಟ್ಟೇ ಹೊರಡಲಿಲ್ಲ. ಆಯಿ ಒಳ್ಳೆಯ ಸೀರೆ ಉಟ್ಟು, ಅಬ್ಬಲಿಗೆ ಮುಡಿದು, ತೊಡೆಯ ಮೇಲೆ ಡಬ್ಬಿ ಇಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತಿದ್ದಳು. ಅಪ್ಪ ಕೀಲಿ ತಿರುಗಿಸಿ ತಿರುಗಿಸಿ ಸೋತು ಇಳಿದ. ಅವಳು ಇಳಿಯಲಿಲ್ಲ. ಕಾಗದ ಅಚ್ಚು ಹಾಕಿಸಲು ಬಂದವರು ಇವಳನ್ನು ನೋಡಿ, ಹೊರಟಿರಾ ಎಂದು ಕೇಳಿದರು. ಅವಳು ಹೌದು ಎಂದಳು. ಅಡುಗೆಮನೆಯಲ್ಲಿ ಅವತ್ತು ನಾನೇ ಅನ್ನಕ್ಕಿಟ್ಟೆ.

ಅಪ್ಪನಿಗೆ ಅದು ನಾಟಿತು. ಕಂಪನಿಗೆ ದೂರು ಬರೆಯಲೇಬೇಕೆಂದು ಮೂವರೂ ಸೇರಿ ಕೂತರು. ಕೈಬರಹಕ್ಕೆ ಬೆಲೆಯಿಲ್ಲ, ಅಚ್ಚು ಹಾಕಿಯೇ ಕಳಿಸಬೇಕು ಎಂದ ಅಪ್ಪ. ಅಚ್ಚು ಹಾಕುವುದೇನೋ ಸರಿ, ಅವನ ಕೈಗೆ ಗೊತ್ತಿದ್ದ ಭಾಷೆ ಒಂದೇ, ಲಗ್ನಪತ್ರಿಕೆಯದು. ಮೇಲೆ ಗಣಪತಿಯ ಬ್ಲಾಕು ಕೂರಿಸಿದ. ಕಂಪನಿಯವರಿಗೆ ಸಾಷ್ಟಾಂಗ ನಮಸ್ಕಾರಗಳನ್ನು ತಿಳಿಸಿದ. ಉಭಯ ಕುಶಲೋಪರಿ, ತಮ್ಮ ಕಾರು ಆಗಾಗ ನಿಲ್ಲುತ್ತಿರುವುದರಿಂದ ತಾವು ಆಪ್ತೇಷ್ಟರೊಡನೆ ನಮ್ಮ ಮನೆಗೆ ಚಿತ್ತೈಸಿ, ಕಾರನ್ನು ಪರಿಶೀಲಿಸಿ, ಭೋಜನ ಸ್ವೀಕರಿಸಿ ನಮ್ಮನ್ನು ಸಂತೋಷಪಡಿಸಬೇಕಾಗಿ ವಿನಂತಿ. ಕೆಳಗೆ ತಮ್ಮ ಆಗಮನಾಭಿಲಾಷಿಗಳು ಎಂದು ಮೂವರ ಹೆಸರು. ಉಡುಗೊರೆ ಬೇಡ ಎಂಬ ಸಾಲೂ ಸೇರಿಕೊಂಡಿತ್ತು, ಕೊನೆಗೆ ಆಯಿ ನೋಡಿ ತೆಗೆಸಿದಳು. ಇಂಥ ದೂರನ್ನು ಓದಿದ ಕಂಪನಿಯವರು ಏನೆಂದುಕೊಂಡರೋ ತಿಳಿಯದು. ಆದರೆ ಕರೆದದ್ದಕ್ಕೆ ಬಂದೇಬಿಟ್ಟರು. ಹುಬ್ಬಳ್ಳಿಯಿಂದ ಪಾಟೀಲ ಎಂಬ ಅಧಿಕಾರಿ, ಎಳೆಯ ಪ್ರಾಯದವರು, ಅದೇ ಕಂಪನಿಯ ಹೊಸ ನಮೂನೆಯ ಕಾರಿನಲ್ಲಿ ಬಂದಿಳಿದರು.

ಹೆಗಡೆ ಮಾವ, ವೀರಭದ್ರಪ್ಪನವರು ಬೆಳಿಗ್ಗೆಯೇ ಬಂದಿದ್ದರು. ಯಾರು ಮೊದಲು ಮಾತಾಡಬೇಕು, ಎಷ್ಟು ಖಾರವಾಗಿ ಮಾತಾಡಬೇಕು ಎಂದೆಲ್ಲ ಪಾಠ ಒಪ್ಪಿಸಿಕೊಂಡಿದ್ದರು. ಆದರೆ ಬಂದವರು ಬಂದದ್ದು ಊಟದ ಹೊತ್ತಿಗೆ. ಊಟದ ಹೊತ್ತಿಗೆ ಬಂದವರನ್ನು ಎಲೆಯ ಮುಂದೆ ಕೂರಿಸದೆ ಜಗಳ ಮಾಡುವುದು ನಮ್ಮ ಕಡೆ ಹೇಗೆ ಸಾಧ್ಯ? ಮಾವಿನಕಾಯಿಯ ಅಪ್ಪೆಹುಳಿಯನ್ನು ಪಾಟೀಲರು ಎರಡು ಸಲ ಕೇಳಿ ಹಾಕಿಸಿಕೊಂಡರು. ತೊಡದೇವು ಮುರಿದು ತುಪ್ಪದಲ್ಲಿ ಅದ್ದುವುದನ್ನು ಹೆಗಡೆ ಮಾವ ಹೇಳಿಕೊಟ್ಟರು. ನಮ್ಮ ಅವ್ವನ ಕೈ ಊಟದ ನೆನಪಾಯಿತು ಎಂದು ಪಾಟೀಲರು ಹೇಳಿದಾಗ ಎಲ್ಲರ ಮುಖವೂ ಕರಗಿತು. ಮಜ್ಜಿಗೆಯ ಹೊತ್ತಿಗೆ ಅವರು ತಾವಾಗಿಯೇ ವಿಷಯ ತೆಗೆದರು.

"ಮತ್ತ ಹೇಳ್ರಿ. ಗಾಡಿ ಹ್ಯಾಂಗ ಅದಾವು?"

ಮೂವರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಹೆಗಡೆ ಮಾವ ಗಂಟಲು ಸರಿಪಡಿಸಿಕೊಂಡರು.

"ಅಡ್ಡಿಲ್ಲೆ," ಎಂದರು.

"ಹಾಂಗೇನಿಲ್ರಿ, ಛಲೋ ಅದಾವು," ಎಂದರು ವೀರಭದ್ರಪ್ಪನವರು.

"ಅಡ್ಡಿಲ್ಲೆ, ಅಡ್ಡಿಲ್ಲೆ. ನಿಂಗ ಇನ್ನೊಂಚೂರು ಮಜ್ಜಿಗೆ ಹಾಕ್ಸ್ಕಳಿ," ಎಂದ ಅಪ್ಪ.

ಈ ಅಡ್ಡಿಲ್ಲೆ ಎಂಬುದನ್ನು ಹೊರಗಿನವರಿಗೆ ಬಿಡಿಸಿ ಹೇಳುವುದು ಕಷ್ಟ. ಅಡ್ಡಿ ಇಲ್ಲ, ತೊಂದರೆ ಇಲ್ಲ ಎಂಬುದು ಅದರ ಅರ್ಥ. ಊಟ ಹೇಗಿತ್ತು ಎಂದರೂ ಅದೇ, ಜ್ವರ ಹೇಗಿದೆ ಎಂದರೂ ಅದೇ, ಅಳಿಯ ಹೇಗೆ ಎಂದರೂ ಅದೇ. ಅಮೃತದಂತಿರುವುದಕ್ಕೂ ಅಡ್ಡಿಲ್ಲೆ, ಪ್ರಾಣ ಹೋಗುತ್ತಿರುವುದಕ್ಕೂ ಅಡ್ಡಿಲ್ಲೆ. ದನಿಯ ಎಳೆತದಲ್ಲಿ ನಮಗೆ ನಮಗೆ ವ್ಯತ್ಯಾಸ ತಿಳಿಯುತ್ತದೆ. ಪಾಟೀಲರಿಗೆ ಹೇಗೆ ತಿಳಿಯಬೇಕು? ಅವರು ನಿರಾಳವಾಗಿ ಎಲೆ ಮಡಚಲು ಹೊರಟರು. ಮನೆಯಲ್ಲಿ ಉಂಡವರ ಎದುರು ಅವರ ಕಾರನ್ನು ಬೈಯಲು ಆ ಮೂವರಿಗೆ ಬಾಯಿ ಬರಲಿಲ್ಲ, ಅಷ್ಟೇ. ಆಯಿ ಮಜ್ಜಿಗೆಯ ಪಾತ್ರೆ ಹಿಡಿದು ಸಾಲಿನ ತುದಿಯಲ್ಲಿ ನಿಂತಿದ್ದಳು. ಅವಳು ಪಾತ್ರೆಯನ್ನು ನೆಲಕ್ಕಿಟ್ಟಳು.

"ಅಡ್ಡಿ ಇದ್ದು," ಎಂದಳು.

ಅಡ್ಡಿ ಇದೆ ಎಂದು ಯಾರೂ ಹೇಳುವುದಿಲ್ಲ. ನಮ್ಮ ಮಾತಿನಲ್ಲಿ ಅಡ್ಡಿಲ್ಲೆ ಇದೆ, ಅದರ ಎದುರು ಮಾತನ್ನು ಯಾರಾದರೂ ಬಳಸಿದ್ದನ್ನು ನಾನು ಕೇಳಿರಲಿಲ್ಲ. ಅಪ್ಪನ ಕೈ ಎಲೆಯ ಮೇಲೆಯೇ ನಿಂತಿತು. ಆಯಿ ಪಾಟೀಲರಿಗೆ ತಿಳಿಯುವಂತೆ ನಿಧಾನವಾಗಿ ಮಾತಾಡಿದಳು.

"ನೋಡಿ, ನಿಮ್ಮ ಕಾರಿನಲ್ಲಿ ನನಗೆ ವಾಂತಿ ಬರೂದಿಲ್ಲ. ಅದು ಅದರ ಗುಣ, ಇಲ್ಲ ಅನ್ನೂದಿಲ್ಲ. ಆದ್ರೆ ಅದು ಯಲ್ಲಾಪುರ ಮುಟ್ಟೂದೂ ಇಲ್ಲ. ಎಂಜಿನ್ ಕಾಯ್ತದೆ, ಫ್ಯಾನು ತಿರುಗೂದಿಲ್ಲ, ಇವರ ಮೂರೂ ಜನರದ್ದೂ ಹಾಗೇ. ಅಲ್ಲಿ ನಮ್ಮಮ್ಮ ಒಬ್ಬೊಬ್ಬರನ್ನೇ ಮರೀತಾ ಇದ್ದಾಳೆ. ನಿಮ್ಮ ಕಂಪನಿಗೆ ಭಾಳ ವರ್ಷ ಆಗಿದ್ಯಂತೆ, ಇವರು ಓದಿ ಹೇಳಿದ್ದಾರೆ. ಅವಳಿಗೆ ಅಷ್ಟು ಪುರಸೊತ್ತಿಲ್ಲ."

ಪಾಟೀಲರು ಎಲೆಯಿಂದ ಕೈ ಹಿಂದೆ ತೆಗೆದುಕೊಂಡರು. ಒಳ್ಳೆಯ ಮನುಷ್ಯ. ತಡಬಡಿಸಲಿಲ್ಲ, ಕಂಪನಿಯ ಪರ ವಾದಿಸಲೂ ಇಲ್ಲ. ಫ್ಯಾನಿನ ದೂರು ಬೇರೆ ಕಡೆಗಳಿಂದಲೂ ಬಂದಿದೆ, ಮೂರೂ ಗಾಡಿಗಳಿಗೆ ಹೊಸದು ಹಾಕಿಸುತ್ತೇನೆ ಎಂದರು. ಕೈ ತೊಳೆದು ಬಂದು ಆಯಿಯ ಎದುರು ನಿಂತರು.

"ನಾ ಯಲ್ಲಾಪುರದ ಮ್ಯಾಲೆ ಹುಬ್ಬಳ್ಳಿಗೆ ಹೋಗಾಂವ ಅದೀನ್ರಿ ಅಕ್ಕಾರ. ನಡೀರಿ, ನಿಮ್ಮ ಅವ್ವನ ಮನೀಗೆ ಬಿಟ್ಟು ಹೋಗ್ತೀನಿ."

"ಇದೂ ನಡುದಾರ್ಯಾಗ ನಿಲ್ಲಂಗಿಲ್ಲಲ್ರಿ?" ಎಂದು ವೀರಭದ್ರಪ್ಪನವರು ಕೇಳಿದರು.

"ಇಲ್ಲೀತನಕ ನಿಂತಿಲ್ರಿ," ಎಂದರು ಪಾಟೀಲರು. ಅವರ ದನಿಯಲ್ಲೂ ಪೂರ್ತಿ ಖಾತ್ರಿ ಇರಲಿಲ್ಲ.

ಕಾರು ನಿಲ್ಲಲಿಲ್ಲ. ಸ್ವರ್ಣವಲ್ಲಿಯ ತಿರುವು ದಾಟಿತು, ಸೇತುವೆ ದಾಟಿತು. ಜೊತೆಗೆ ಹೊರಟ ನಾನು ಆ ಮುಳ್ಳನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ. ಆಯಿಗೆ ವಾಂತಿ ಬರಲಿಲ್ಲ. ಯಲ್ಲಾಪುರದಲ್ಲಿ ಮಾವನ ಮನೆಯ ಮುಂದೆ ಇಳಿದಾಗ ಅವಳ ಸೀರೆಯ ಮಡಿಕೆ ಮುದುಡಿರಲಿಲ್ಲ, ಮುಡಿದ ಹೂವು ಬಾಡಿರಲಿಲ್ಲ. ಅಮ್ಮಮ್ಮ ಜಗಲಿಯಲ್ಲಿ ಕೂತು ಹೂಬತ್ತಿ ಮಾಡುತ್ತಿದ್ದಳು. ಕಾರನ್ನೂ ಆಯಿಯನ್ನೂ ನೋಡಿ ಸೆರಗು ಸರಿಮಾಡಿಕೊಂಡು ಎದ್ದಳು.

"ಬನ್ನಿ, ಬನ್ನಿ. ಯಾರ ಮನೆದಾತು ನಿಂಗ್ಳದ್ದು?"

"ಆನೇ ಅಮ್ಮಾ. ಸಾವಿತ್ರಿ."

"ನಮ್ಮನೆ ಕೂಸಿನ ಹೆಸ್ರೂ ಸಾವಿತ್ರಿನೇ," ಎಂದು ಅಮ್ಮಮ್ಮ ಸಂತೋಷಪಟ್ಟಳು. "ಅದು ಶಿರ್ಸಿಂದ ಬಸ್ಸಿಗೆ ಬತ್ತು. ಈಗ ಬಪ್ಪ ಹೊತ್ತಾತು. ನಿಂಗ ಕೂತ್ಕಳಿ, ಆಸ್ರಿಗೆ ಎಂತ ಕುಡಿತ್ರಿ?"

ಆಸ್ರಿ ಎಂದರೆ ಬಂದ ನೆಂಟರಿಗೆ ಮೊದಲು ಕೊಡುವ ಪಾನೀಯ. ಅಮ್ಮಮ್ಮ ಬೆಲ್ಲದ ತುಂಡು, ನೀರು ತಂದಿಟ್ಟಳು. ಆಯಿ ಹೆತ್ತ ತಾಯಿಯ ಮನೆಯಲ್ಲಿ ನೆಂಟಳಂತೆ ಚಾಪೆಯ ತುದಿಯಲ್ಲಿ ಕೂತು ಬೆಲ್ಲ ಕಡಿದು ನೀರು ಕುಡಿದಳು. ಅಲ್ಲಿದ್ದಷ್ಟು ದಿನವೂ ಹಾಗೆಯೇ ನಡೆಯಿತು. ಊಟಕ್ಕೆ ಕೂತರೆ ಅಮ್ಮಮ್ಮ, ನಾಚಿಕೆ ಮಾಡಿಕೊಳ್ಳಬೇಡಿ, ಸರಿಯಾಗಿ ಉಣ್ಣಿ ಎಂದು ಉಪಚರಿಸುತ್ತಿದ್ದಳು. ಮಧ್ಯಾಹ್ನದ ಬಸ್ಸಿನ ಸದ್ದು ಕೇಳಿದರೆ ಎದ್ದು ಮೆಟ್ಟಿಲ ಬಳಿ ನಿಂತು, ಸಾವಿತ್ರಿ ಇವತ್ತೂ ಬರಲಿಲ್ಲ ಎಂದು ಆಯಿಗೇ ಹೇಳುತ್ತಿದ್ದಳು. ಆಯಿ ಅದನ್ನು ಕೇಳಿ ಹಿತ್ತಿಲಿಗೆ ಹೋಗುತ್ತಿದ್ದಳು. ನಾನು ಹಿಂದೆ ಹೋಗಬಾರದು ಎಂದು ನನಗೆ ಗೊತ್ತಾಗುತ್ತಿತ್ತು.

ಪಾಟೀಲರು ಮಾತು ಉಳಿಸಿಕೊಂಡರು. ಹೊಸ ಫ್ಯಾನು ಕೂತ ಕಾರನ್ನು ಅಪ್ಪ ಯಲ್ಲಾಪುರದ ತನಕ ಓಡಿಸಿಕೊಂಡು ಬಂದು, ಗೆದ್ದವನ ಮುಖ ಹೊತ್ತು ನಮ್ಮನ್ನು ಕರೆದುಕೊಂಡು ಹೋದ. ದಾರಿಯಲ್ಲಿ ಆಯಿ ಎದುರು ಬರುವ ಬಸ್ಸುಗಳನ್ನು ನೋಡುತ್ತ ಕೂತಿದ್ದಳು. ಮುಂದಿನ ಸಲ ಹೊರಡುವ ದಿನ ಅಪ್ಪ ಬೆಳಿಗ್ಗೆಯೇ ಕಾರು ತೊಳೆದು ನಿಲ್ಲಿಸಿದ್ದ. ಆಯಿ ಚೀಲ ಹಿಡಿದು ಬಂದವಳು ಅದರ ಪಕ್ಕದಲ್ಲೇ ಹಾದು ರಸ್ತೆಗಿಳಿದಳು.

"ಆನು ಬಸ್ಸಿಗೆ ಹೋಗ್ತೆ."

"ಎಂತಕ್ಕೆ? ಈಗ ಕಾರು ಸರಿ ಇದ್ದಲೇ," ಎಂದ ಅಪ್ಪ.

"ಇದ್ದು. ಕಾರಿಂದು ತಪ್ಪಿಲ್ಲೆ, ನಿಂಗಳದ್ದೂ ತಪ್ಪಿಲ್ಲೆ."

ಅಪ್ಪ ಒದ್ದೆ ಬಟ್ಟೆ ಹಿಡಿದು ಹಾಗೆಯೇ ನಿಂತ. ನಾನು ಆಯಿಯ ಹಿಂದೆ ಓಡಿದೆ. ಅವತ್ತಿನ ಬಸ್ಸು ತುಂಬಿತ್ತು, ಡ್ರೈವರಿಗೆ ಅವಸರವಿತ್ತು. ಆಯಿ ನಿಂಬೆಹಣ್ಣು ತಂದಿರಲಿಲ್ಲ, ಶುಂಠಿಯನ್ನೂ ತಂದಿರಲಿಲ್ಲ. ಇಳಿಯುವಾಗ ಅವಳ ಮುಖದಲ್ಲಿ ರಕ್ತವಿರಲಿಲ್ಲ, ಕೂದಲು ಕೆದರಿ ಹಣೆಗೆ ಅಂಟಿತ್ತು, ಸೆರಗು ಒದ್ದೆಯಾಗಿತ್ತು. ನನ್ನ ಭುಜ ಹಿಡಿದು ಹೇಗೋ ಮಾವನ ಮನೆಯ ತನಕ ನಡೆದಳು. ಬೇಲಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಮತ್ತೊಮ್ಮೆ ವಾಂತಿ ಮಾಡಿಕೊಂಡಳು. ಜಗಲಿಯಲ್ಲಿದ್ದ ಅಮ್ಮಮ್ಮನ ಕೈಯಿಂದ ಹತ್ತಿ ಕೆಳಗೆ ಬಿತ್ತು. ಅವಳು ನೀರಿನ ಚೊಂಬು ಎತ್ತಿಕೊಂಡು, ಚಪ್ಪಲಿಯನ್ನೂ ಮೆಟ್ಟದೆ ಅಂಗಳಕ್ಕಿಳಿದು ಬಂದಳು.

"ಸಾವಿತ್ರೀ, ಬಂದ್ಯನೇ? ಎಷ್ಟು ದಿನ ಆತೇ ನೀ ಬರದ್ದೆ. ಕಕ್ಕು, ಎಲ್ಲ ಕಕ್ಬುಡು, ಆನು ಬೆನ್ನು ತಿಕ್ತೆ."

ಅಮ್ಮಮ್ಮ ಮಗಳ ಬೆನ್ನು ತಿಕ್ಕಿದಳು, ಹಣೆ ಹಿಡಿದುಕೊಂಡಳು, ಬಾಯಿ ಮುಕ್ಕಳಿಸಲು ನೀರು ಹೊಯ್ದಳು. ಈ ಕೂಸಿಗೆ ಹುಟ್ಟಿದಲಾಗಾಯ್ತು ಬಸ್ಸು ಆಗುವುದಿಲ್ಲ ಎಂದು ನನ್ನ ಕಡೆ ತಿರುಗಿ, ಯಾರೋ ಪರಿಚಯವಿಲ್ಲದ ಹುಡುಗಿಗೆ ಹೇಳಿದ ಹಾಗೆ, ಹೇಳಿದಳು. ಆಯಿ ತೊಳೆದ ಮುಖವನ್ನು ಅವಳ ಹೆಗಲಿಗೆ ಒತ್ತಿ ಜೋರಾಗಿ ಅತ್ತಳು. ಅಷ್ಟು ಸುಖವಾಗಿ ಅಳುವವರನ್ನು ನಾನು ನೋಡಿಲ್ಲ.

ಮನೆಗೆ ಬಂದು ಅಪ್ಪನಿಗೆ ಎಲ್ಲವನ್ನೂ ಹೇಳಿದ್ದು ನಾನೇ. ಅವನು ಅಚ್ಚಿನ ಮೊಳೆಗಳನ್ನು ಜೋಡಿಸುತ್ತ ಕೇಳಿಸಿಕೊಂಡ. ಅಮ್ಮಮ್ಮ ಇರುವ ತನಕ ಆಯಿ ಬಸ್ಸಿನಲ್ಲೇ ಹೋಗಿ ಬಂದಳು. ಹೊರಡುವ ದಿನಗಳಲ್ಲಿ ಅಪ್ಪ ಬೇಗ ಎದ್ದು, ಈಗ ಎಲ್ಲಿಯೂ ನಿಲ್ಲದ ಆ ಕಾರಿನಲ್ಲಿ ಅವಳನ್ನು ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಹೋಗುತ್ತಿದ್ದ. ಯಲ್ಲಾಪುರದ ಬಸ್ಸು ಬಂದ ಕೂಡಲೇ ಎಲ್ಲರಿಗಿಂತ ಮೊದಲು ಓಡಿ, ಕಿಟಕಿಯೊಳಗೆ ಟವೆಲ್ಲು ಎಸೆದು ಅವಳಿಗೊಂದು ಸೀಟು ಹಿಡಿಯುತ್ತಿದ್ದ.